ಕವಡೆಕಣ್ಣನ ಬುಟ್ಟಿ

ಕವಡೆ ಆಟದಲ್ಲಿ ನನ್ನನ್ನು ಒಂದು ಸಲವೂ ಯಾರೂ ಸೋಲಿಸಿಲ್ಲ. ಬೇಕಾದರೆ ಚಂಪಾವತಿ ರಾಜ್ಯದವರನ್ನೇ ಕೇಳಿ. ಆ ರಾಜ್ಯ ಈಗ ಇಲ್ಲ, ಅದು ಬೇರೆ ಮಾತು.

ಬಲು ಹಿಂದೆ, ನದಿಗಳು ನಿದ್ದೆಯಲ್ಲಿ ಮಾತಾಡುತ್ತಿದ್ದ ಕಾಲದಲ್ಲಿ, ಆ ರಾಜ್ಯಕ್ಕೆ ಕವಡೆಕಣ್ಣನೆಂಬ ಮಾಂತ್ರಿಕ ಬಂದ. ಕಣ್ಣಿರಬೇಕಾದ ಜಾಗದಲ್ಲಿ ಅವನಿಗೆ ಎರಡು ಕವಡೆ. ರೆಪ್ಪೆ ಇಲ್ಲ, ನಿದ್ದೆ ಇಲ್ಲ, ಕನಸಿಲ್ಲ. ಕೆರೆಯ ಮೇಲೆ ಮಂಜಿನ ಮಂಟಪ ಕಟ್ಟಿ ಕೂತು ಕೂಗಿದ:

"ಬನ್ರಪ್ಪಾ, ಆಡಿ! ಒಂದು ಕನಸು ಪಣ ಇಡಿ, ಗೆದ್ದರೆ ರಾಜನ ಕನಸೇ ನಿಮ್ಮದು!"

ಸೋತವರ ಕನಸು ಮಿಣುಕುತ್ತಾ ಅವನ ಬುಟ್ಟಿ ಸೇರುತ್ತಿತ್ತು.

ನೇಕಾರಗಿತ್ತಿ ಹೊನ್ನಾಜಿಯ ಗಂಡ ತನ್ನ ಕನಸನ್ನೆಲ್ಲಾ ಸೋತ. ಕಡೆಗೆ ತೊಟ್ಟಿಲ ಕೂಸಿನ ಕನಸನ್ನೂ ಇಟ್ಟು ಸೋತ. ಕೂಸು ನಿದ್ದೆಯಲ್ಲಿ ನಗುವುದನ್ನೇ ಬಿಟ್ಟಿತು. ಹೊನ್ನಾಜಿ ಅದನ್ನು ಎತ್ತಿಕೊಂಡು ಅರಮನೆಗೆ ನಡೆದಳು.

ಆ ರಾಜ್ಯದಲ್ಲಿ ಡಂಗುರ ಸಾರಿದ ಕಟ್ಟಳೆಯನ್ನು ಕಲ್ಲೂ ನೀರೂ ಮೀರುವಂತಿರಲಿಲ್ಲ. ರಾಜ ಸಾರಿಸಿದ: "ಕವಡೆಯನ್ನು ಯಾರೂ ಕೈಯಲ್ಲಿ ಮುಟ್ಟಬಾರದು!"

ಕವಡೆಗಳಿಗೆ ಕಾಲು ಬಂದವು. ತಾವೇ ಎದ್ದು ಕುಣಿದು ಬಿದ್ದವು.

ಎರಡನೆಯ ಸಲ ಸಾರಿಸಿದ: "ಹೊತ್ತು ಮುಳುಗಿದ ಮೇಲೆ ಆಟವಿಲ್ಲ!"

ಮಾಂತ್ರಿಕ ಸೂರ್ಯನಿಗೆ ದಾರ ಕಟ್ಟಿ ಮಂಟಪದ ಕಂಬಕ್ಕೆ ಬಿಗಿದ. ಏಳು ದಿನ ಹೊತ್ತೇ ಮುಳುಗಲಿಲ್ಲ. ಏಳೆಂದು ಎಣಿಸಿದವನು ನಾನೇ.

ಆಗ ಹೊನ್ನಾಜಿ ಅಂದಳು: "ಆಟ ಇರಲಿ ಬುದ್ಧೀ, ಪಣಕ್ಕೆ ಕಟ್ಟಳೆ ಹಾಕಿ. ತನ್ನದಲ್ಲದ್ದನ್ನು ಯಾರೂ ಪಣ ಇಡಬಾರದು. 'ಸಾಕು' ಅಂದವನನ್ನು ಮತ್ತೆ ಒಳಗೆ ಬಿಡಬಾರದು."

ಮೂರನೆಯ ಡಂಗುರ ಮೊಳಗಿತು. ಅವಳ ಗಂಡ ಮಂಟಪದ ಮುಂದೆ ನಿಂತು "ಸಾಕು" ಅಂದ. ಹೊಸ್ತಿಲು ಆಳೆತ್ತರ ಬೆಳೆದು ಅವನನ್ನು ಹೊರಗೇ ಉಳಿಸಿತು. ಹೊನ್ನಾಜಿಗೆ ಮಾತ್ರ ತಗ್ಗಿ ದಾರಿ ಬಿಟ್ಟಿತು.

"ನನ್ನ ಕನಸು ಇಟ್ಟೆ. ನಿನ್ನದಿಡು," ಅಂದಳು.

ಕವಡೆಕಣ್ಣ ನಕ್ಕು ಬುಟ್ಟಿಗೆ ಕೈ ಹಾಕಿದ. "ಇಗೋ!"

"ಅದು ನನ್ನ ಕೂಸಿನದು. ನಿನ್ನದೆಲ್ಲೋ?"

ಅವನು ತಳದವರೆಗೂ ತಡಕಿದ. ತನ್ನದೆಂಬುದು ಒಂದೂ ಇರಲಿಲ್ಲ. ಕಣ್ಣಿನ ಕವಡೆಗಳು ಕಳಚಿ ನೀರಿಗೆ ಬಿದ್ದವು. ಅವುಗಳ ಹಿಂದೆ ರೆಪ್ಪೆಗಳಿದ್ದವು. ಹುಟ್ಟಿದಂದಿನಿಂದ ಮೊದಲ ಸಲ ಆಕಳಿಸಿ, ತಾವರೆ ಎಲೆಯ ಮೇಲೆ ಮಲಗಿಬಿಟ್ಟ. ಸೂರ್ಯ ದಾರ ಬಿಚ್ಚಿಕೊಂಡು ಮುಳುಗಿದ. ಮಂಟಪ ಕರಗಿತು. ಕನಸುಗಳು ಬುಟ್ಟಿಯಿಂದ ಹಾರಿ ಅವರವರ ಮನೆ ಸೇರಿದವು. ಕೂಸು ನಿದ್ದೆಯಲ್ಲಿ ನಕ್ಕಿತು. ಊರೆಲ್ಲಾ ತಣ್ಣಗಿತ್ತು. ನನ್ನ ಕನಸೂ ಹಾರಿ ಬಂದು ಮೀಸೆಯ ಮೇಲೆ ಕೂತಿತು.

ನನ್ನ ಕತೆ ಕೇಳುತ್ತಾ ಮುತ್ತುಗದ ಊಟದೆಲೆ ಹಚ್ಚುತ್ತಿದ್ದ ಸೊಸೆ ಸಂಕಮ್ಮ ಕಡ್ಡಿ ಕೆಳಗಿಟ್ಟಳು. "ಅಲ್ಲ ಮಾವ, ಒಂದು ಸಲವೂ ಸೋಲದವನ ಕನಸು ಆ ಬುಟ್ಟಿಯಲ್ಲಿ ಏನು ಮಾಡ್ತಿತ್ತು?"

ನಾನು ಎಲೆಯಡಿಕೆ ಚೀಲ ಹುಡುಕಿದೆ.