ಕವಚ ಮತ್ತು ಹನ್ನೊಂದು ದೂರು

ಪ್ರೋಗ್ರಾಮರ್ ಮತ್ತೆ ಬಂದು ನಿಂತಾಗ ಮೆಣಸಿನಕಾಯಿ ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯಲೇ ಇಲ್ಲ. ಆ ಹೆಸರು ಆಕೆಯ ಖಾರದ ನಾಲಿಗೆಗೆ ಲ್ಯಾಬಿನವರು ಇಟ್ಟದ್ದು, ಅದೂ ಬೆನ್ನ ಹಿಂದೆ. ಬ್ಯಾಕ್ಟೀರಿಯಾ ಎಣಿಸುವುದು ಆಕೆಯ ಕಸುಬು. ಆ ಎಣಿಕೆ ಜೋಪಾನವಾಗಿಡಲು ಸಾಫ್ಟ್‌ವೇರ್ ಬರೆದುಕೊಟ್ಟವನು ಈ ಮಹಾನುಭಾವ. ಹೊರಗೆ ಇಸ್ತ್ರಿ ಶರ್ಟು, ಒಳಗೆ ಬರೀ ಗಾಳಿ ಎಂದು ಆಕೆ ಮೊದಲ ದಿನವೇ ತೀರ್ಮಾನಿಸಿದ್ದಳು.

"ನನ್ನ ಎಣಿಕೇನ ನನಗೇ ಮುಟ್ಟೋಕೆ ಬಿಡಲ್ವಲ್ಲ ನಿಮ್ಮ ಸಾಫ್ಟ್‌ವೇರು?"

"ಅದು ಎನ್‌ಕ್ಯಾಪ್ಸುಲೇಶನ್ ಮೇಡಂ. ಡೇಟಾ ಒಳಗಿರತ್ತೆ. ಹೊರಗಿನವರು ನೇರ ಕೈ ಹಾಕೋ ಹಾಗಿಲ್ಲ. ಏನು ಬೇಕೋ ಕೇಳಬೇಕು, ಕೊಡತ್ತೆ."

"ಓಹೋ, ಪಾಠ ಬೇರೆ. ಬನ್ನಿ, ಇಲ್ಲಿ ನೋಡಿ."

ಅವನು ಬಗ್ಗಿದ. ಕಿವಿಯ ಹಿಂದೆ ಪೆನ್ನಿನ ನೀಲಿ ಗೀರು. ಅದನ್ನು ಇಷ್ಟು ಹೊತ್ತು ನೋಡುವ ಅಗತ್ಯ ಆಕೆಗೇನೂ ಇರಲಿಲ್ಲ.

"ಸುತ್ತ ಕಪ್ಪಗಿರೋದು ಇಂಕು. ಇಂಕು ಒಳಗೆ ಹೋಗದೆ ಬೆಳ್ಳಗೆ ಕಾಣ್ತಿದೆಯಲ್ಲ, ಅದು ಬ್ಯಾಕ್ಟೀರಿಯಾದ ಕವಚ, ನಮ್ಮ ಕ್ಯಾಪ್ಸೂಲು. ದೇಹದ ಕಾವಲು ಕಣಗಳು ನುಂಗೋಕೆ ಬಂದ್ರೆ ಜಾರಿ ತಪ್ಪಿಸ್ಕೊಳತ್ತೆ. ಕೇಳಿದ್ರೆ ಕೊಡೋ ನಿಮ್ಮ ಮರ್ಯಾದೆ ಎಲ್ಲ ಇಲ್ಲಿಲ್ಲ. ಬದುಕೋಕೆ ಹೊದ್ದಿರೋದು."

"ನುಂಗೋರೇ ಇಲ್ಲದ ಕಡೆ?"

"ಲ್ಯಾಬಲ್ಲಿ ಸುಖವಾಗಿ ಬೆಳೆಸ್ತಾ ಹೋದ್ರೆ ಎಷ್ಟೋ ಸಲ ಕವಚ ಮಾಡೋದನ್ನೇ ಬಿಟ್ಬಿಡತ್ತೆ." ಇಷ್ಟು ಮೆತ್ತಗೆ ಹೇಳಿದ್ದಕ್ಕೆ ಆಕೆಗೆ ತನ್ನ ಮೇಲೇ ಸಿಟ್ಟು ಬಂತು.

ಅವನು ಮೇಜಿನ ಮೇಲೆ ಒಂದು ಹಾಳೆ ಇಟ್ಟ. "ಕೆಲಸ ಮುಗೀತು ಅಂತ ಸಹಿ ಹಾಕಿ. ಸಹಿ ಆದ್ರೆ ನಾಳೆಯಿಂದ ನನಗೆ ಬೇರೆ ಊರು."

ಎದೆ ಧಸಕ್ಕೆಂದಿತು. ಇಂಥ ಸಪ್ಪೆ ಮನುಷ್ಯನಿಗಾಗಿ ಹೊಡೆದುಕೊಳ್ಳುವ ಎದೆಯೂ ಒಂದು ಎದೆಯೇ? ಪೆನ್ನು ಹಿಡಿದಳು, ಬರೆಯಲಿಲ್ಲ.

"ಸಾಫ್ಟ್‌ವೇರ್ ಮೇಲೆ ಹನ್ನೊಂದು ದೂರು ಕೊಟ್ಟಿದ್ರಿ. ಹುಡುಕಿದ್ರೆ ಅದರಲ್ಲಿ ಒಂದು ತಪ್ಪೂ ಸಿಗಲಿಲ್ಲ," ಎಂದ ಅವನು ಮೆಲ್ಲಗೆ.

ಕಳ್ಳನ ಮನಸ್ಸು ಹುಳ್ಳಹುಳ್ಳಗೆ. ಆಕೆಯ ಮುಖ ಕೆಂಪಾಯಿತು. "ಎರಡನೇ ದೂರಿಗೇ ಗೊತ್ತಾಗಿರಬೇಕಲ್ಲ. ಮತ್ತೆ ದಡ್ಡರ ಹಾಗೆ ಯಾಕೆ ಬರ್ತಿದ್ರಿ? ಫೋನಲ್ಲೇ ಹೇಳಬಹುದಿತ್ತು."

"ಹೇಳಬಹುದಿತ್ತು. ಫೋನಲ್ಲಿ ನೀವು ಕಾಣಲ್ವಲ್ಲ."

ಎಂಥ ಪೇಲವ ಮಾತು. ಇಷ್ಟು ಓದಿದವನಿಗೆ ಇದಕ್ಕಿಂತ ಒಳ್ಳೆಯದು ಹೊಳೆಯಲಿಲ್ಲವೇ ಎಂದು ಹಂಗಿಸಲು ಬಾಯಿ ತೆರೆದಳು. ಹಂಗಿಸುವ ಬದಲು, ಸಹಿ ಹಾಕದ ಹಾಳೆಯನ್ನು ಅವನತ್ತ ತಳ್ಳಿದಳು.

"ನಾಳೆ ಬನ್ನಿ."

"ಮತ್ತೆ ಏನು ದೂರು?"

"ಏನೂ ಇಲ್ಲ," ಎಂದಳು ಆಕೆ, ಮೊದಲ ಬಾರಿಗೆ ಅವನ ಕಣ್ಣಲ್ಲಿ ಕಣ್ಣಿಟ್ಟು. "ಸುಮ್ನೆ ಬನ್ನಿ."