ನೀರಾನೆಯ ಹೊಟ್ಟೆಯಲ್ಲಿ ಸಿಕ್ಕಿದ್ದು

ಸತ್ತ ನೀರಾನೆಯ ಹೊಟ್ಟೆಯಲ್ಲಿ ಹುಲ್ಲಿರಲಿಲ್ಲ. ಇದ್ದದ್ದು ಪ್ಲಾಸ್ಟಿಕ್ ಕವರುಗಳ ಗಂಟು. ಎತ್ತಲಾಗದ ದೇಹವನ್ನು ಡಾಕ್ಟರು ಮೃಗಾಲಯದ ಕೊಳದ ದಂಡೆಯಲ್ಲೇ ಕೊಯ್ದು, ಬಗೆದು ಬಗೆದು ತೆಗೆದರು. ಪ್ರತಿ ಗಂಟಿನೊಳಗೂ ಕೊಳೆತ ಬ್ರೆಡ್ಡು. ನಾತಕ್ಕೆ ನಾನು ಮೂಗು ಮುಚ್ಚಿಕೊಂಡೆ. ಇನ್ಸ್‌ಪೆಕ್ಟರ್ ಮೇಡಂ ಮುಚ್ಚಿಕೊಳ್ಳಲಿಲ್ಲ.

ಕಂಬಿಯಾಚೆ ಜನವೋ ಜನ.

"ಕಾನ್‌ಸ್ಟೇಬಲ್ ಸಾರ್, ಸ್ವಲ್ಪ ಆಚೆ ಸರೀರಿ, ಹೆಣ ಕಾಣಿಸ್ತಿಲ್ಲ," ಎಂದ ಒಬ್ಬ ನನಗೆ, ಮೊಬೈಲು ಎತ್ತಿ ಹಿಡಿದು. ಅವನ ಹೆಗಲ ಮೇಲಿನ ಮಗು ಐಸ್‌ಕ್ರೀಂ ನೆಕ್ಕುತ್ತಿತ್ತು.

ಮೃಗಾಲಯದ ಅಧಿಕಾರಿ, ನೀರಾನೆ ನೋಡಿಕೊಳ್ಳುವ ಮುದುಕನನ್ನು ಮುಂದೆ ತಳ್ಳಿದರು. "ಹುಲ್ಲು ಮಾರ್ಕೊಂಡು ಕಸ ತಿನ್ನಿಸಿದಾನೆ. ಇವತ್ತೇ ಕೆಲಸದಿಂದ ತೆಗೀತೀನಿ."

"ಅಜ್ಜಾ, ಮೇವು ಹೇಗೆ ಕೊಡ್ತಿದ್ರಿ?" ಮೇಡಂ ಕೇಳಿದರು.

"ಸಂಜೆ ಬಕೆಟ್ ಬಡೀತೀನಮ್ಮ. ಬಾಯಿ ತೆರೀತಾಳೆ, ಹಾಕ್ತೀನಿ. ಈಚೆಗೆ ಮೂತಿ ತಿರುಗಿಸ್ತಿದ್ಲು. ಸಾಹೇಬ್ರಿಗೆ ಹೇಳ್ದೆ. ನಿನ್ನ ಮುಖ ನೋಡಿ ಬೇಜಾರಾಗಿರಬೇಕು ಅಂದ್ರು."

ಅಧಿಕಾರಿ ಕೆಮ್ಮಿದರು.

"ನೂರಾರು ಜನ ಬರ್ತಾರೆ ಮೇಡಂ. ಎಸೆದಿದ್ದು ಯಾರಂತ ಹಿಡೀತೀರಿ?" ಎಂದ ಕಂಬಿಗೆ ಒರಗಿದ್ದ, ಬಂದವರ ಫೋಟೋ ತೆಗೆದು ಮಾರುವವನು. ಅವನ ಮಳಿಗೆ ಅಲ್ಲೇ. ಗಿರಾಕಿಗಳಿಗೆಂದು ತೂಗುಹಾಕಿದ ಹಲಗೆಯ ತುಂಬ ಫೋಟೋ: ಮುಂದೆ ನಗುವ ಸಂಸಾರಗಳು, ಹಿಂದೆ ಅಗಲಕ್ಕೆ ಬಾಯಿ ತೆರೆದ ನೀರಾನೆ.

ಬೆಳಗಿನಿಂದ ನಾನು ಅದರ ಮುಂದೆಯೇ ಓಡಾಡಿದ್ದೆ. ಮೇಡಂ ನಿಂತು ನೋಡಿದರು.

"ಈ ಫೋಟೋಗಳಲ್ಲಿ ನೆರಳೆಲ್ಲ ಕಾಲಡಿಯಲ್ಲಿದೆ. ಬಿಸಿಲು ನೆತ್ತಿ ಮೇಲೆ. ಅಜ್ಜ ಬಕೆಟ್ ಬಡಿಯೋದು ಸಂಜೆ. ಮಧ್ಯಾಹ್ನ ಬಾಯಿ ತೆರೆಸಿದ್ದು ಯಾರು?"

"ಆಕಳಿಸಿರುತ್ತೆ."

"ಎಲ್ಲಾ ಫೋಟೋದಲ್ಲೂ? ನೀನು ಕ್ಯಾಮೆರಾ ಹಿಡಿದಾಗ್ಲೇ?"

ಅವನು ಮಳಿಗೆಯ ಪರದೆಗೆ ಅಡ್ಡವಾಗಿ ಬಂದು ನಿಂತ.

"ನೀನೂ ಬಕೆಟ್ ಬಡಿದೆ. ಆದ್ರೆ ಬರೀ ಸದ್ದಿಗೆ ಎಷ್ಟು ದಿನ ಮೋಸ ಹೋಗ್ತಾಳೆ? ಬಾಯಿಗೆ ಏನಾದ್ರೂ ಬೀಳ್ಬೇಕು. ಬಿಡಿ ಬ್ರೆಡ್ಡು ಎಸೆದ್ರೆ ಚೆದುರುತ್ತೆ. ಕವರಲ್ಲಿ ಗಂಟು ಕಟ್ಟಿದ್ರೆ ನೇರ ಬಾಯಿಗೆ ಬೀಳುತ್ತೆ— ಅಲ್ವಾ?"

ನಾನು ಮಳಿಗೆಯ ಪರದೆ ಸರಿಸಿದೆ. ನೆಗ್ಗಿದ ಬಕೆಟ್ಟು. ಪಕ್ಕದಲ್ಲಿ ಒಂದು ಮೂಟೆ. ಅದರೊಳಗೆ ಕಟ್ಟಿಟ್ಟ ಬ್ರೆಡ್ ಗಂಟುಗಳು, ಇರುವೆ ಮುತ್ತಿಕೊಂಡು.

"ಬಾಯಿ ಮುಚ್ಚಿದ್ರೆ ಯಾರೂ ಫೋಟೋ ತೆಗೆಸಲ್ಲ ಮೇಡಂ," ಎಂದ ಅವನು, ಲೆಕ್ಕ ಒಪ್ಪಿಸುವವನಂತೆ. "ಎಸೆಯೋಕೆ ಗಿರಾಕಿಗಳೇ ಕಿತ್ತಾಡ್ತಿದ್ರು. ಅವರನ್ನೂ ಹಿಡೀರಿ."

ಹಲಗೆಯ ಮೇಲೆ ಎಲ್ಲರೂ ಹಲ್ಲು ಕಿರಿದಿದ್ದರು.

ಅಜ್ಜನನ್ನು ಕೆಲಸದಿಂದ ತೆಗೆಯುವುದಿಲ್ಲ ಎಂದರು ಅಧಿಕಾರಿ. ಅದು ಅವನಿಗೆ ಕೇಳಿಸಿದಂತೆ ಕಾಣಲಿಲ್ಲ. ಅವನು ಡಾಕ್ಟರ ಕೈಯನ್ನೇ ನೋಡುತ್ತಿದ್ದ. ಅವರು ಗರ್ಭ ಕೊಯ್ದು ತೆಗೆದದ್ದನ್ನು ಗೋಣಿಯ ಮೇಲೆ ಮಲಗಿಸಿದರು.

ನಾನು ಮಹಜರಿನಲ್ಲಿ ಬರೆದೆ. ಸತ್ತದ್ದು: ದೊಡ್ಡದು ಒಂದು, ಹುಟ್ಟದೇ ಇದ್ದದ್ದು ಒಂದು. ಒಟ್ಟು ಎರಡು.