ಕೋಚ್ ಕೂಗಿದ್ದಕ್ಕೆ ವಿಯೆರ್ಕಾಗೆ ಶಿಕ್ಷೆ

ರೆಫ್ರಿ ಸೀಟಿ ಊದಿ ನೇರ ಬೆಂಚಿನ ಕಡೆ ಕೈ ತೋರಿಸಿದ. ಕೋಚ್ ಹುದಾಕ್ ಮತ್ತೆ ಅವನಿಗೆ ಬಾಯಿಗೆ ಬಂದಂತೆ ಬೈದಿದ್ದರು. ತಂಡಕ್ಕೆ ಎರಡು ನಿಮಿಷ ಪೆನಾಲ್ಟಿ.

ಐಸ್ ಹಾಕಿಯಲ್ಲಿ ಇದೊಂದು ಅನ್ಯಾಯ. ಕೂಗಾಡಿದ್ದು ಕೋಚ್ ಆದರೂ ಆ ಎರಡು ನಿಮಿಷ ಆಟದಿಂದ ಹೊರಗೆ, ಪೆನಾಲ್ಟಿ ಬಾಕ್ಸಿನಲ್ಲಿ ಹೋಗಿ ಕೂರಬೇಕಾದ್ದು ಒಬ್ಬ ಆಟಗಾರ. ಯಾರು ಅಂತ ಕೋಚೇ ಹೇಳಬೇಕು.

"ವಿಯೆರ್ಕಾ, ಹೋಗಮ್ಮ," ಅಂದರು ಹುದಾಕ್, ಅವಳ ಮುಖ ಕೂಡ ನೋಡದೆ.

ವಿಯೆರ್ಕಾಗೆ ಮೈಯೆಲ್ಲ ಉರಿಯಿತು. ಹೋದ ಮ್ಯಾಚಿನಲ್ಲೂ ಅವಳೇ, ಅದರ ಹಿಂದಿನದರಲ್ಲೂ ಅವಳೇ. ಊರಿನ ಮಕ್ಕಳ ತಂಡದಲ್ಲಿ ಎಲ್ಲರಿಗಿಂತ ಚಿಕ್ಕವಳು, ಅವಳಿಲ್ಲದಿದ್ದರೆ ಯಾರಿಗೂ ನಷ್ಟವಿಲ್ಲವಲ್ಲ! ಮ್ಯಾಚ್ ಮುಗಿಯುತ್ತ ಬಂದಿತ್ತು. ಇವತ್ತು ಅವಳಿನ್ನೂ ಐಸ್ ಮೇಲೆ ಕಾಲೇ ಇಟ್ಟಿರಲಿಲ್ಲ.

ಹುದಾಕ್ ಸಾಮಾನ್ಯರಲ್ಲ. ಸ್ಲೊವಾಕಿಯಾ ತಂಡಕ್ಕೆ ಆಡಿದವರು, ಮುಂದಿನ ಹಲ್ಲುಗಳನ್ನು ಆಟಕ್ಕೇ ಕೊಟ್ಟವರು. ಊರಲ್ಲಿ ಯಾರೂ ಅವರಿಗೆ ಎದುರು ಮಾತಾಡುತ್ತಿರಲಿಲ್ಲ. ಸಿಟ್ಟು ಮಾತ್ರ ಮೂಗಿನ ತುದಿಯಲ್ಲೇ. ಆಡುವಾಗಲೂ ಅರ್ಧ ಆಯುಷ್ಯ ಪೆನಾಲ್ಟಿ ಬಾಕ್ಸಿನಲ್ಲೇ ಕಳೆದರು ಎಂದು ವಿಯೆರ್ಕಾಳ ತಾತ ನಗುತ್ತಿದ್ದರು.

"ನಾನು ಹೋಗಲ್ಲ ಸರ್," ಅಂದಳು ವಿಯೆರ್ಕಾ. "ಕೂಗಿದ್ದು ನೀವು. ನಾನು ಆಡೋಕೆ ಬಂದಿರೋದು, ನಿಮ್ಮ ಬದಲು ಕೂರೋಕಲ್ಲ."

ಕ್ಯಾಪ್ಟನ್ ಒಂದ್ರೇಯ್ ಅವಳ ತೋಳು ಹಿಡಿದು, ಒಂದು ಗೋಲ್ ಮುಂದಿದ್ದೇವೆ, ಸುಮ್ಮನೆ ಹೋಗು ಎಂದು ಪಿಸುಗುಟ್ಟಿದ. ಅವಳು ಕೈ ಕೊಡವಿದಳು. ಹೆದರಿಕೆಯಾದರೂ ಕೂತಲ್ಲಿಂದ ಏಳಲಿಲ್ಲ.

ಹುದಾಕ್ ಮುಖ ಕೆಂಪಾಯಿತು. ಬೈಯಲು ಹೊರಟವರು ಖಾಲಿ ಪೆನಾಲ್ಟಿ ಬಾಕ್ಸಿನ ಕಡೆ ನೋಡಿದರು. ರೆಫ್ರಿ ಕಾಯುತ್ತಿದ್ದ.

"ಒಂದ್ರೇಯ್, ನೀನು ಹೋಗಿ ಕೂತ್ಕೊ," ಅಂದರು ಕೊನೆಗೆ. "ವಿಯೆರ್ಕಾ, ಅವನ ಜಾಗಕ್ಕೆ ನೀನು ಇಳಿ."

ಅವಳು ಇಳಿದಳು. ಇದ್ದ ಶಕ್ತಿಯೆಲ್ಲ ಹಾಕಿ ಸ್ಕೇಟ್ ಮಾಡಿದಳು, ಬಿದ್ದಳು, ಎದ್ದಳು. ಅಷ್ಟರಲ್ಲಿ ಎದುರು ತಂಡದ ಹುಡುಗನೊಬ್ಬ ಅವಳ ಪಕ್ಕದಿಂದಲೇ ನುಗ್ಗಿ ರಬ್ಬರ್ ಬಿಲ್ಲೆಯನ್ನು ಗೋಲಿಗೆ ಬಾರಿಸಿಬಿಟ್ಟ. ಎರಡೂ ತಂಡದ ಗೋಲ್ ಸಮ. ಮ್ಯಾಚ್ ಹಾಗೇ ಮುಗಿಯಿತು.

"ಎಲ್ಲಾ ನಿನ್ನಿಂದಲೇ," ಅಂದ ಒಂದ್ರೇಯ್.

ವಿಯೆರ್ಕಾಳ ಕಣ್ಣು ತುಂಬಿತು. ತಲೆ ಮಾತ್ರ ತಗ್ಗಿಸಲಿಲ್ಲ.

"ಅವಳಿಂದಲ್ಲ ಕಣೋ, ನನ್ನ ಬಾಯಿಂದ," ಅಂದರು ಹುದಾಕ್. ಆಮೇಲೆ ಅವಳ ಕಡೆ ತಿರುಗಿದರು. "ನೀನು ಆ ಹುಡುಗನ ಕೋಲು ನೋಡ್ತಾ ನಿಂತೆ. ಅದಕ್ಕೇ ಮೋಸ ಹೋದೆ. ಯಾವ ಕಡೆ ತಿರುಗ್ತಾನೆ ಅಂತ ತಿಳಿಯೋಕೆ ಎದೆ ನೋಡ್ಬೇಕು. ನಾಳೆ ಬೇಗ ಬಾ, ಹೇಳಿಕೊಡ್ತೀನಿ."

ವಿಯೆರ್ಕಾ ಅವರನ್ನೇ ನೋಡಿದಳು. ಒಂದ್ರೇಯ್‌ಗೆ ದಿನಾ ಇಂಥ ಮಾತು ಬೀಳುತ್ತಿತ್ತು, ಉಳಿದ ಹುಡುಗರಿಗೂ ಬೀಳುತ್ತಿತ್ತು. ಅವಳ ಆಟದಲ್ಲಿ ಕೋಚ್ ತಪ್ಪು ಹುಡುಕಿದ್ದು ಇದೇ ಮೊದಲು.

ಹೆಲ್ಮೆಟ್ ತೆಗೆದು ಕಣ್ಣೊರೆಸಿಕೊಂಡಳು.

"ಎಷ್ಟು ಗಂಟೆಗೆ ಬರ್ಲಿ ಸರ್?"